ಕ್ಯಾಥೋಡ್‌ನ ಮುಂಬದಿಯಲ್ಲಿ ಒಂದು ಬದಲಾವಣೆ

ಪ್ರಿಯ ಗ್ರಾಹಕರೇ,

ಮುಂದಿನ ಕಂತಿನಿಂದ ನಮ್ಮ ಫೆರೋಎಲೆಕ್ಟ್ರಿಕ್ ಕ್ಯಾಥೋಡ್‌ಗಳ (ಕ್ಷಣಿಕ ವೋಲ್ಟೇಜ್ ಪಲ್ಸ್ ಕೊಟ್ಟಾಗ ಎಲೆಕ್ಟ್ರಾನ್ ಹೊಮ್ಮಿಸುವ ಸೆರಾಮಿಕ್ ಬಿಲ್ಲೆಗಳ) ಮುಂಬದಿಯಲ್ಲಿ ಬೆಳ್ಳಿ ಲೇಪದ ಪಟ್ಟಿಗಳು ಇರುವುದಿಲ್ಲ. ಅದರ ಬದಲು ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ಸೆರಾಮಿಕ್ ಬಿಲ್ಲೆಯ ಮೇಲೆ ಒತ್ತಿ ಕೂರಿಸಿರುತ್ತೇವೆ. ಬಿಲ್ಲೆ ಮೊದಲಿನದೇ, ಅದೇ ಪಿಜೆಡ್‌ಟಿ (ಲೆಡ್ ಜಿರ್ಕೋನೇಟ್ ಟೈಟನೇಟ್ ಎಂಬ ಸೆರಾಮಿಕ್). ಹಿಂಬದಿಯ ಎಲೆಕ್ಟ್ರೋಡ್ ಕೂಡ ಅದೇ.

ಕಾರಣ ಬಾಳಿಕೆ. 1980ರ ದಶಕದ ಕೊನೆಗೆ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಇಂಥ ಸೆರಾಮಿಕ್‌ನಿಂದ ಎಲೆಕ್ಟ್ರಾನ್‌ಗಳು ಜೋರಾಗಿ ಹೊಮ್ಮಿದಾಗ, ಒಳಗಿನ ಧ್ರುವೀಕರಣ (ವಿದ್ಯುದಾವೇಶಗಳ ಜೋಡಣೆಯ ದಿಕ್ಕು) ಮಗುಚುವುದೇ ಕಾರಣ ಎಂದು ಅಲ್ಲಿನ ಸಂಶೋಧಕರು ವಿವರಿಸಿದ್ದರು. ಚದರ ಸೆಂಟಿಮೀಟರಿಗೆ ಹತ್ತಾರು ಆಂಪಿಯರ್ ಬರುವುದು ಮುಖ್ಯವಾಗಿ ಮೇಲ್ಮೈಯ ಪ್ಲಾಸ್ಮಾದಿಂದ (ವಿದ್ಯುತ್ ಹರಿಯುವ ಅಯಾನೀಕೃತ ಅನಿಲದಿಂದ) ಎಂಬುದು ಆಮೇಲೆ ಗೊತ್ತಾಯಿತು. ಲೋಹ, ಸೆರಾಮಿಕ್, ನಿರ್ವಾತ ಮೂರೂ ಕೂಡುವ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ತುಂಬಾ ಜಾಸ್ತಿ. ಪಲ್ಸ್ ಕೊಟ್ಟ ಕೂಡಲೇ ಅಲ್ಲಿ ಪ್ಲಾಸ್ಮಾ ಹುಟ್ಟಿ ಬಿಲ್ಲೆಯ ಮೇಲೆ ಹರಡುತ್ತದೆ. ಎಲೆಕ್ಟ್ರಾನ್ ಹೊಮ್ಮುವ ಜಾಗವೇ ಸವೆಯುವ ಜಾಗವೂ ಹೌದು. ತೆಳು ಬೆಳ್ಳಿಯ ಅಂಚು ಪಲ್ಸ್‌ನಿಂದ ಪಲ್ಸ್‌ಗೆ ಆವಿಯಾಗುತ್ತಾ ಹೋಗುತ್ತದೆ. ಬಿಲ್ಲೆಯೂ ವೋಲ್ಟೇಜ್ ಕೊಟ್ಟಾಗ ಆಕಾರ ಬದಲಿಸುವ ಪೀಜೋ ಸೆರಾಮಿಕ್ ಅಲ್ವಾ, ಪ್ರತಿ ಸಲ ಹಿಗ್ಗಿ ಕುಗ್ಗಿ ಲೇಪವನ್ನು ಸಡಿಲ ಮಾಡುತ್ತದೆ. ಉಕ್ಕಿನ ತಂತಿ ದಪ್ಪ ಇರುವುದರಿಂದ ಸವೆದರೂ ಬೇಗ ಮುಗಿಯುವುದಿಲ್ಲ, ಸಿಪ್ಪೆಯಂತೆ ಏಳುವುದೂ ಇಲ್ಲ.

ಇದರಲ್ಲಿ ಒಂದು ತೊಡಕೂ ಇದೆ. ಜಾಲರಿಗೂ ಬಿಲ್ಲೆಗೂ ನಡುವೆ ಅಲ್ಲಲ್ಲಿ ಸಣ್ಣ ಸಂದು ಉಳಿದರೆ ವೋಲ್ಟೇಜ್‌ನ ದೊಡ್ಡ ಪಾಲು ಆ ಸಂದಿನಲ್ಲೇ ಬೀಳುತ್ತದೆ. ಆಗ ಹೊಮ್ಮುವಿಕೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅದಕ್ಕೇ ಬಿಲ್ಲೆಗಳನ್ನು ಮೊದಲಿಗಿಂತ ಸಪಾಟಾಗಿ ಉಜ್ಜುತ್ತಿದ್ದೇವೆ. ಹಾಗಿದ್ದರೂ ಬೆಳ್ಳಿ ಪಟ್ಟಿಯಷ್ಟು ಸಮನಾದ ಕಿರಣ ಬೇಕೇ ಬೇಕು ಎನ್ನುವವರು ಮೊದಲು ಒಂದು ತರಿಸಿ ಪರೀಕ್ಷಿಸಿ ನೋಡಿ. ನಮ್ಮ ಮಟ್ಟಿಗೆ, ಹೊಸದರಲ್ಲಿ ಕಾಣುವ ಗರಿಷ್ಠ ಕರೆಂಟ್‌ಗಿಂತ ಬಹುಕಾಲ ಬದಲಾಗದೆ ನಿಲ್ಲುವ ಕರೆಂಟ್ ಮುಖ್ಯ.

ಬಳಸುವಾಗ ಪಲ್ಸ್ ಚಿಕ್ಕದಾಗಿರಲಿ. ಪ್ಲಾಸ್ಮಾ ಮೈಕ್ರೋಸೆಕೆಂಡಿಗೆ ಸುಮಾರು 1ರಿಂದ 2 ಸೆಂಟಿಮೀಟರ್ ಮುಂದೆ ಸಾಗುತ್ತದೆ. ಪಲ್ಸ್ ಉದ್ದವಾದರೆ ಅದು ಆನೋಡ್ ಮುಟ್ಟಿ ಶಾರ್ಟ್ ಆಗುತ್ತದೆ. ಈ ಕ್ಯಾಥೋಡ್‌ಗೆ ಹೀಟರ್ ಬೇಡ, ನಿಜ. ಆದರೆ ಪಲ್ಸ್‌ಗಳು ಒತ್ತೊತ್ತಾಗಿ ಬಂದರೆ ಬಿಲ್ಲೆ ತಾನೇ ಬಿಸಿಯಾಗುತ್ತದೆ. ಕ್ಯೂರಿ ತಾಪಮಾನದ ಹತ್ತಿರ ಹೋದರೆ ಫೆರೋಎಲೆಕ್ಟ್ರಿಕ್ ಗುಣವೇ ಹೋಗುತ್ತದೆ.

ಬಾಳಿಕೆಯನ್ನು ಇನ್ನು ಗಂಟೆಗಳಲ್ಲಿ ಹೇಳುವುದಿಲ್ಲ. ಎಷ್ಟು ಪಲ್ಸ್ ಎಂದು ಹೇಳುತ್ತೇವೆ, ಜೊತೆಗೆ ವೋಲ್ಟೇಜ್, ಪಲ್ಸ್ ಅಗಲ, ನಿರ್ವಾತದ ಮಟ್ಟವನ್ನೂ ಬರೆಯುತ್ತೇವೆ. ಅವಿಲ್ಲದೆ ಬರೀ ಸಂಖ್ಯೆಗೆ ಅರ್ಥವಿಲ್ಲ.

ಜಾಲರಿಗೆ ಒತ್ತುಬಳೆ ಬೇಕಾಗುವುದರಿಂದ ಹಳೆಯ ಹೋಲ್ಡರ್‌ಗೆ ಹೊಸ ಕ್ಯಾಥೋಡ್ ಕೂರುವುದಿಲ್ಲ. ಆರ್ಡರ್ ಜೊತೆ ನಿಮ್ಮ ಹೋಲ್ಡರ್‌ನ ಅಳತೆ ಕಳಿಸಿ.

ವಿಶ್ವಾಸದಿಂದ,
ಕ್ಯಾಥೋಡ್ ತಯಾರಿಕಾ ವಿಭಾಗ