ಸಾಕ್ಷ್ಯಚಿತ್ರ ಮುಗಿದ ಮೇಲಿನ ಅರ್ಧ ಗಂಟೆ

ಸಂಪಾದಕರಿಗೆ,

ಮಾನ್ಯರೇ,

ಈಚೆಗೆ ಮುಗಿದ ಸ್ಥಳೀಯ ಕಲಾ ಉತ್ಸವದ ಅಂಗವಾಗಿ ಸ್ವತಂತ್ರ ಚಿತ್ರಮಂದಿರವೊಂದರಲ್ಲಿ ನಡೆದ ಸಾಕ್ಷ್ಯಚಿತ್ರ ಪ್ರದರ್ಶನಗಳ ಕುರಿತ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಎಷ್ಟು ಚಿತ್ರಗಳು ತೆರೆಕಂಡವು, ಎಷ್ಟು ಮಂದಿ ಬಂದರು ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಮೂರು ದಿನವೂ ಅಲ್ಲಿ ಕೂತು ನೋಡಿದ ಪ್ರೇಕ್ಷಕನಾಗಿ, ಆ ಲೆಕ್ಕದೊಳಗೆ ಬರದ ಒಂದು ಕೊರತೆಯನ್ನು ಸಂಘಟಕರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಚಿತ್ರ ಮುಗಿದ ಮೇಲೆ ಅದರ ಬಗ್ಗೆ ಮಾತಾಡಲು ಅಲ್ಲಿ ಸಮಯವೇ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಕಾರ್ಮಿಕರ ಕುರಿತ ಚಿತ್ರವಿತ್ತು. ಅದು ಮುಗಿದು ದೀಪ ಹತ್ತಿದಾಗ ನಾಲ್ಕನೆಯ ಸಾಲಿನಲ್ಲಿದ್ದ ವಯಸ್ಸಾದ ಮಹಿಳೆಯೊಬ್ಬರು ಎದ್ದು ನಿಂತು, ತಾವೂ ಇಂಥದೇ ಗಿರಣಿಯ ನೂಲುವ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವರೆಂದು ಹೇಳಿದರು. ಚಿತ್ರದಲ್ಲಿ ಯಂತ್ರಗಳ ನಡುವೆ ನಿಂತು ಇಬ್ಬರು ಸಲೀಸಾಗಿ ಮಾತಾಡುವುದನ್ನು ಕಂಡು ಅವರಿಗೆ ಆಶ್ಚರ್ಯವಾಗಿತ್ತು. "ಅಲ್ಲಿ ಪಕ್ಕದವರ ದನಿಯೂ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದೆವು. ಆ ಸದ್ದನ್ನು ನೀವು ಯಾಕೆ ತಗ್ಗಿಸಿದಿರಿ?" ಎಂದು ಅವರು ನಿರ್ದೇಶಕರನ್ನು ಕೇಳಿದರು. ಸಂದರ್ಶನದ ಮಾತು ಕೇಳಿಸಲೆಂದು ಯಂತ್ರದ ಸದ್ದನ್ನು ಸಂಕಲನದ ಹಂತದಲ್ಲಿ ಇಳಿಸಿದ್ದಾಗಿ ನಿರ್ದೇಶಕರು ಒಪ್ಪಿಕೊಂಡು, ಅದಕ್ಕೆ ಕಾರಣ ವಿವರಿಸಲು ತೊಡಗುವಷ್ಟರಲ್ಲಿ ಸ್ವಯಂಸೇವಕರೊಬ್ಬರು ಬಂದು ಮೈಕು ತೆಗೆದುಕೊಂಡರು. ಮುಂದಿನ ಪ್ರದರ್ಶನಕ್ಕೆ ಹತ್ತೇ ನಿಮಿಷವಿತ್ತು, ಹೊರಗೆ ಸಾಲು ನಿಂತಿತ್ತು. ಆ ಮಹಿಳೆ ಇನ್ನೂ ಏನೋ ಹೇಳುವುದಿದ್ದಂತೆ ಒಂದು ಕ್ಷಣ ನಿಂತಿದ್ದು, ಆಮೇಲೆ ಕೈಚೀಲ ಎತ್ತಿಕೊಂಡು ಹೊರನಡೆದರು. ಸ್ವಯಂಸೇವಕರ ತಪ್ಪೇನೂ ಇಲ್ಲ; ಅವರಿಗೆ ಕೊಟ್ಟ ವೇಳಾಪಟ್ಟಿಯೇ ಹಾಗಿತ್ತು.

ಆ ಒಂದು ಪ್ರಶ್ನೆ ಸಾಕ್ಷ್ಯಚಿತ್ರದ ಮೂಲಕ್ಕೇ ಕೈಹಾಕುವಂಥದ್ದು. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆಂದು ನಾವು ನಂಬುವ ಈ ಪ್ರಕಾರದಲ್ಲಿ ಮೊದಲಿನಿಂದಲೂ ಆಯ್ಕೆ, ಜೋಡಣೆ, ಕೆಲವೊಮ್ಮೆ ಮರುಸೃಷ್ಟಿಯೂ ಸೇರಿಕೊಂಡಿದೆ. ಉತ್ತರ ಕೆನಡಾದ ಹಿಮಪ್ರದೇಶದ ಇನುಯಿಟ್ ಜನರ ಬದುಕಿನ ಕುರಿತು 1922ರಲ್ಲಿ ಬಂದ 'ನಾನೂಕ್ ಆಫ್ ದ ನಾರ್ತ್' ಚಿತ್ರಕ್ಕಾಗಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ, ಹಿಮಮನೆಯ ಒಳಗೆ ಕ್ಯಾಮೆರಾಗೆ ಬೇಕಾದಷ್ಟು ಬೆಳಕು ಸಿಗದ ಕಾರಣ, ಒಂದು ಬದಿ ತೆರೆದೇ ಇರುವ ಮನೆಯನ್ನು ಕಟ್ಟಿಸಿ ಅದರೊಳಗೆ ಕುಟುಂಬದ ದಿನಚರಿಯನ್ನು ಚಿತ್ರೀಕರಿಸಿದರು. ಬಂದೂಕಿನ ಬಳಕೆ ಬಲ್ಲ ಬೇಟೆಗಾರರ ಕೈಗೆ ಹಿಂದಿನ ಕಾಲದ ಈಟಿ ಕೊಡಿಸಿದರು. ಇದನ್ನು ಮೋಸವೆಂದು ತಳ್ಳಿಹಾಕುವವರೂ ಇದ್ದಾರೆ, ಕಲೆಯ ಅಗತ್ಯವೆಂದು ಸಮರ್ಥಿಸುವವರೂ ಇದ್ದಾರೆ; ನಾನಂತೂ ಪ್ರತಿ ಸಲ ಆ ಚಿತ್ರ ನೋಡುವಾಗ ಎರಡೂ ಕಡೆಗೆ ಎಳೆಯಲ್ಪಟ್ಟಿದ್ದೇನೆ. ಯಾವುದನ್ನು ಹೇಗೆ ತೋರಿಸಿದಿರಿ, ಯಾವುದನ್ನು ಬಿಟ್ಟಿರಿ ಎಂದು ಮಾಡಿದವರನ್ನು ಮುಖಾಮುಖಿ ಕೇಳುವ ಅವಕಾಶ ಸಾಮಾನ್ಯ ಪ್ರೇಕ್ಷಕರಿಗೆ ಸಿಗುವುದು ಇಂಥ ಉತ್ಸವಗಳಲ್ಲಿ ಮಾತ್ರ.

ಈ ಸಂವಾದವನ್ನು ಚಿತ್ರದೊಳಗೇ ಸೇರಿಸಿಕೊಂಡ ಉದಾಹರಣೆಯೂ ಇದೆ. ಜ್ಯಾನ್ ರೂಶ್ ಮತ್ತು ಎಡ್ಗಾರ್ ಮೊರ‍್ಯಾ 1960ರ ಬೇಸಿಗೆಯಲ್ಲಿ ಪ್ಯಾರಿಸಿನ ಜನರನ್ನು ಮಾತಾಡಿಸಿ ಮಾಡಿದ, ಮರುವರ್ಷ ತೆರೆಕಂಡ 'ಕ್ರಾನಿಕಲ್ ಆಫ್ ಎ ಸಮ್ಮರ್' ಚಿತ್ರದ ಕೊನೆಯ ಭಾಗದಲ್ಲಿ, ಅದರಲ್ಲಿ ಕಾಣಿಸಿಕೊಂಡವರನ್ನೇ ಒಂದು ಕೋಣೆಯಲ್ಲಿ ಕೂರಿಸಿ ತಮ್ಮ ದೃಶ್ಯಗಳನ್ನು ತಾವೇ ನೋಡುವಂತೆ ಮಾಡಲಾಗಿದೆ. ನೋಡಿದವರಲ್ಲಿ ಕೆಲವರಿಗೆ ಅದು ಕೃತಕವೆನಿಸಿತು, ಕೆಲವರಿಗೆ ಒಬ್ಬರ ಅಂತರಂಗವನ್ನು ಅಷ್ಟು ಬಿಚ್ಚಿಡಬಾರದಿತ್ತು ಎನಿಸಿತು. ಆ ಒಮ್ಮತವಿಲ್ಲದ ಮಾತುಗಳನ್ನು ನಿರ್ದೇಶಕರು ಕತ್ತರಿಸದೆ ಉಳಿಸಿಕೊಂಡರು. ನಾಲ್ಕನೆಯ ಸಾಲಿನ ಆ ಮಹಿಳೆಯ ಮಾತು ಅಂಥದೇ ಬೆಲೆಯುಳ್ಳದ್ದಾಗಿತ್ತೆಂದು ನನ್ನ ಭಾವನೆ.

ಸ್ವತಂತ್ರ ಚಿತ್ರಮಂದಿರದಲ್ಲಿ ಇದಕ್ಕೆ ಜಾಗ ಮಾಡಿಕೊಡುವುದು ಅಸಾಧ್ಯವಲ್ಲ. ಹಲವು ಪರದೆಗಳ ಸಂಕೀರ್ಣದಲ್ಲಿ ಪ್ರದರ್ಶನದ ವೇಳೆ ಬೇರೆಲ್ಲೋ ತೀರ್ಮಾನವಾಗುತ್ತದೆ. ಇಲ್ಲಿ ಏನನ್ನು ಎಷ್ಟು ಹೊತ್ತಿಗೆ ತೋರಿಸಬೇಕೆಂಬುದನ್ನು ಚಿತ್ರಮಂದಿರದವರೂ ಉತ್ಸವದವರೂ ಎದುರುಬದುರು ಕೂತು ನಿರ್ಧರಿಸಬಹುದು. ದಿನಕ್ಕೆ ಐದು ಚಿತ್ರಗಳ ಬದಲು ಮೂರನ್ನೇ ಇಟ್ಟುಕೊಂಡು ಪ್ರತಿಯೊಂದರ ಬಳಿಕ ಅರ್ಧ ಗಂಟೆಯನ್ನು ಮೀಸಲಿಟ್ಟರೆ ಸಾಕು. ಕರಪತ್ರದಲ್ಲಿ ಚಿತ್ರಗಳ ಸಂಖ್ಯೆ ಕಡಿಮೆ ಕಾಣಬಹುದು, ಆಯ್ಕೆಯೂ ಕಷ್ಟವಾದೀತು; ಆ ಕಷ್ಟವನ್ನು ಸಂಘಟಕರು ವಹಿಸಿಕೊಳ್ಳಲೇಬೇಕು.

ಬಿಡುವು ಇದ್ದಿದ್ದರೆ ಪ್ರೊಜೆಕ್ಷನ್ ಕೋಣೆಗೂ ಅನುಕೂಲವಾಗುತ್ತಿತ್ತು. ಮೊದಲ ದಿನದ ಚಿತ್ರವೊಂದರಲ್ಲಿ 4:3 ಅನುಪಾತದ, ಅಂದರೆ ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರವಿರುವ ಹಳೆಯ ದೃಶ್ಯಗಳನ್ನು ಈಗಿನ ಅಗಲ ಪರದೆಯ 16:9 ಅನುಪಾತಕ್ಕೆ ಎಳೆದು ತೋರಿಸಲಾಯಿತು. ಹಾಗೆ ಮಾಡಿದಾಗ ಚಿತ್ರದ ಅಗಲ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ತೆಳ್ಳನೆಯ ಮುಖಗಳೆಲ್ಲ ಚಪ್ಪಟೆಯಾಗಿ, ಗಾಡಿಯ ಚಕ್ರಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಯಾರದೋ ತಾಯಿಯ, ಯಾರದೋ ಅಜ್ಜನ ಚಹರೆಯನ್ನು ಹಾಗೆ ಕಾಣಬೇಕಾಗಿ ಬಂದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದು ಪ್ರದರ್ಶನಕ್ಕೂ ಇನ್ನೊಂದಕ್ಕೂ ನಡುವೆ ಹತ್ತೇ ನಿಮಿಷವಿದ್ದರೆ ಪ್ರೊಜೆಕ್ಟರ್ ನೋಡಿಕೊಳ್ಳುವವರು ಚಿತ್ರದ ಅಳತೆಯನ್ನಾಗಲಿ, ಧ್ವನಿಯ ಮಟ್ಟವನ್ನಾಗಲಿ, ಅಡಿಬರಹ ಪರದೆಯೊಳಗೆ ಪೂರ್ತಿ ಕಾಣುತ್ತದೆಯೇ ಎಂಬುದನ್ನಾಗಲಿ ಪರೀಕ್ಷಿಸುವುದು ಯಾವಾಗ?

ಸಂವಾದ ನಡೆಸುವವರ ಬಗ್ಗೆಯೂ ಒಂದು ಮಾತು. ದೀರ್ಘ ಸ್ವಾಗತ, ಪರಿಚಯ, ಹೂಗುಚ್ಛಗಳಿಗೆ ಆ ಅರ್ಧ ಗಂಟೆ ಕರಗಿಹೋಗಬಾರದು. ಚಿತ್ರವನ್ನು ಮುಂಚೆಯೇ ನೋಡಿರುವ ಒಬ್ಬರು ಮೊದಲ ಪ್ರಶ್ನೆ ಕೇಳಿ ಮೈಕನ್ನು ಪ್ರೇಕ್ಷಕರ ಕಡೆಗೆ, ಅದರಲ್ಲೂ ಹಿಂದಿನ ಸಾಲುಗಳಲ್ಲಿ ಕೂತವರ ಕಡೆಗೆ ದಾಟಿಸಿದರೆ ಉಳಿದದ್ದು ತಾನಾಗಿ ಸಾಗುತ್ತದೆ.

ಇಷ್ಟೆಲ್ಲ ಬರೆದದ್ದು ಸಂಘಟಕರ ಶ್ರಮವನ್ನು ಹಗುರ ಮಾಡುವುದಕ್ಕಲ್ಲ. ಆ ಚಿತ್ರಗಳನ್ನು ಹುಡುಕಿ ತಂದು, ಕತ್ತಲೆಯ ಸಭಾಂಗಣದಲ್ಲಿ ನೂರಾರು ಜನ ಒಟ್ಟಿಗೆ ನೋಡುವಂತೆ ಮಾಡಿದ್ದಕ್ಕೆ ನಾನು ಅವರಿಗೆ ಋಣಿ. ಸಾಧ್ಯವಾದರೆ ಗಿರಣಿಯ ಆ ಚಿತ್ರವನ್ನು ಅದೇ ಚಿತ್ರಮಂದಿರದಲ್ಲಿ ಇನ್ನೊಮ್ಮೆ ತೋರಿಸಿ, ನಿರ್ದೇಶಕರನ್ನೂ ಆಹ್ವಾನಿಸಬೇಕೆಂದು ಕೋರುತ್ತೇನೆ. ಪ್ರಶ್ನೆ ಕೇಳಿದ ಆ ಮಹಿಳೆ ಈ ಪತ್ರವನ್ನು ಓದಿದರೆ ಅಂದು ದಯವಿಟ್ಟು ಬರಬೇಕು. ಅವರು ಹೇಳಬೇಕೆಂದಿದ್ದ ಉಳಿದ ಮಾತು ಕೇಳಲು ನಾನು ಕಾದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೇಕ್ಷಕ