ರಾಯಾಪುರದಲ್ಲಿ ಬಿಡಿಸಿಕೊಂಡ ಕೈ

ಧಾರವಾಡ
ಬುಧವಾರ ಮಧ್ಯಾಹ್ನ

ಅವ್ವೀ,

ನೀನು ಬಿಟ್ಟುಹೋದ ರೊಟ್ಟಿ ಡಬ್ಬಿ ಇನ್ನೂ ಮೇಜಿನ ಮೇಲೆಯೇ ಇದೆ. ಖಡಕ್ ರೊಟ್ಟಿ, ಕೆಡುವುದಿಲ್ಲ. ಶೇಂಗಾ ಹಿಂಡಿಯೂ ಕೆಡುವುದಿಲ್ಲ. ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೆ ಈ ಪತ್ರ. ಪೆನ್ನು ಹಿಡಿದ ಕೂಡಲೇ ನನಗೆ ಪುಸ್ತಕದ ಕನ್ನಡ ಬರುತ್ತದೆ, ನಗಬೇಡ. ಮೂವತ್ತೊಂದು ವರ್ಷ ಹೈಸ್ಕೂಲಿನ ಬೋರ್ಡಿನ ಮೇಲೆ ಜೀವಶಾಸ್ತ್ರ ಬರೆದ ಕೈ ಇದು.

ಮನೆ ತೆರಿಗೆಯ ಪಾವತಿ ಹುಡುಕಲು ಹೋಗಿ ತಿಜೋರಿಯಲ್ಲಿ ನನ್ನ ಆಸ್ಪತ್ರೆಯ ಆ ಫೈಲು ನಿನ್ನ ಕೈಗೆ ಸಿಕ್ಕಿತು. ಆಮೇಲೆ ನಡೆದದ್ದು ಇಬ್ಬರಿಗೂ ಗೊತ್ತಿದೆ, ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ ಕಿವಿಯಿಂದ ಹೋಗುತ್ತಿಲ್ಲ: "ನಿನ್ನ ಎದ್ಯಾಗ ಏನ್ ನಡದೈತಿ ಅನ್ನೂದು ನಾ ಫೈಲಿನ್ಯಾಗ ಓದಬೇಕೇನವ್ವಾ?" ಅದಕ್ಕೆ ನಾನು ಉತ್ತರ ಹುಡುಕುವಷ್ಟರಲ್ಲಿ ನೀನು ಇನ್ನೊಂದು ಮಾತು ಹೇಳಿ ಚೀಲ ಎತ್ತಿಕೊಂಡೆ. ಆ ಇನ್ನೊಂದಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು.

ಮೊದಲು ಫೈಲಿನದು. ಅಪ್ಪನ ಶಿವಗಣಾರಾಧನೆ ಮುಗಿಸಿ ನೀನು ಬೆಂಗಳೂರಿಗೆ ಹೋದ ಮೂರನೇ ದಿನ. ರೊಟ್ಟಿ ಬಡಿಯುತ್ತಿದ್ದೆ. ಯಾರಿಗೆ ಎಂದು ಕೇಳಬೇಡ, ನಾಲ್ಕು ಮಂದಿಗಾಗುವಷ್ಟು ಹಿಟ್ಟು ನಾದಿದ್ದೆ. ಮೂರನೆಯದನ್ನು ಹಂಚಿಗೆ ಹಾಕಿ ಒದ್ದೆ ಅರಿವೆ ಸವರುವಾಗ ಎದೆಯ ನಡುವೆ ಯಾರೋ ಮೊಳಕೈ ಊರಿದ ಹಾಗಾಯಿತು. ಮೈಯೆಲ್ಲ ಬೆವರು. ರೊಟ್ಟಿ ಸೀದ ವಾಸನೆ ಬರುತ್ತಿತ್ತು, ಗ್ಯಾಸ್ ಆರಿಸಲು ಕೈ ಮೇಲೇಳಲಿಲ್ಲ. ಬಾಜೂ ಮನೆಯವರು ಆ ವಾಸನೆಗೇ ಓಡಿ ಬಂದರು.

ಇಸಿಜಿಯಲ್ಲಿ ಏರುಪೇರು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಟ್ರೋಪೋನಿನ್ ಹೆಚ್ಚು. ಹಾರ್ಟ್ ಅಟ್ಯಾಕ್ ಎಂದೇ ಆಂಜಿಯೋಗ್ರಾಮ್ ಮಾಡಿದರು. ರಕ್ತನಾಳ ಎಲ್ಲೂ ಕಟ್ಟಿರಲಿಲ್ಲ. ಎಕೋ ಸ್ಕ್ಯಾನಿನಲ್ಲಿ ನೋಡಿದರೆ ಎಡ ಹೃತ್ಕುಕ್ಷಿಯ, ಅಂದರೆ ಮೈಗೆ ರಕ್ತ ತಳ್ಳುವ ಕೋಣೆಯ, ತುದಿ ಬಲೂನಿನಂತೆ ಉಬ್ಬಿ ಸುಮ್ಮನಾಗಿತ್ತು, ಬುಡವೊಂದೇ ದುಡಿಯುತ್ತಿತ್ತು. ಡಾಕ್ಟರು ಚೀಟಿಯ ಹಿಂದೆ ಒಂದು ಗಡಿಗೆ ಬರೆದು ತೋರಿಸಿದರು, ಕುತ್ತಿಗೆ ಸಣ್ಣದು, ಹೊಟ್ಟೆ ದೊಡ್ಡದು. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಬಿಡುವ ಗಡಿಗೆಯಂತೆ, ತಾಕೋತ್ಸುಬೋ. ಉಬ್ಬಿದ ಹೃದಯ ಹಾಗೇ ಕಾಣುತ್ತದೆಂದು 1990ರಲ್ಲಿ ಅಲ್ಲಿನ ವೈದ್ಯರು ಆ ಹೆಸರಿಟ್ಟರು. ಇದು ಬಂದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. "ಎದಿ ಒಡಕೊಂಡು ಸತ್ತ" ಅಂತ ನಮ್ಮ ಮಂದಿ ಮೊದಲಿಂದಲೂ ಅನ್ನುತ್ತಾರೆ. ನಾನು ಕ್ಲಾಸಿನಲ್ಲಿ ಅದಕ್ಕೆ ನಕ್ಕಿದ್ದೆ, ಹೃದಯ ಬರೀ ಒಂದು ಪಂಪು ಎಂದು ಹೇಳಿಕೊಟ್ಟಿದ್ದೆ. ಎಷ್ಟು ಹುಡುಗರಿಗೋ.

ಅವತ್ತು ಮಣ್ಣಿಗೆ ಬಂದವರೆಲ್ಲ ನನಗೆ ಹೇಳಿದ್ದು ಒಂದೇ: "ಎದಿ ಗಟ್ಟಿ ಮಾಡ್ಕೋರಿ ಟೀಚರ್." ಮಾಡಿಕೊಂಡೆ. ನಿನ್ನೆದುರು ಒಂದು ಹನಿ ಹಾಕಲಿಲ್ಲ. ಮೂತ್ರಪಿಂಡದ ಮೇಲೆ ಗಾಂಧಿ ಟೋಪಿಯಂತೆ ಕೂತಿರುತ್ತದಲ್ಲ ಅಡ್ರಿನಲ್ ಗ್ರಂಥಿ, ಅದಕ್ಕೆ ನನ್ನ ಈ ಶೌರ್ಯ ಗೊತ್ತಾಗಲಿಲ್ಲ. ಅದು ತನ್ನ ಪಾಡಿಗೆ ಅಡ್ರಿನಾಲಿನ್ ಸುರಿಯಿತು. ಒಮ್ಮೆಲೇ ಅಷ್ಟು ಬಂದರೆ ಹೃದಯದ ಸ್ನಾಯು ಸೆಟೆದು ಸುಸ್ತಾಗುತ್ತದೆ ಎಂದು ವೈದ್ಯರ ಅಂದಾಜು. ಹೃದಯದ ಅರ್ಧ ಕೆಲಸ ಸಡಿಲಾಗುವುದು, ಅವ್ವೀ. ಗಟ್ಟಿಯಾಗಿಯೇ ನಿಂತರೆ ರಕ್ತ ತುಂಬುವುದೆಲ್ಲಿಂದ? ಇದೂ ನಾನೇ ಕಲಿಸಿದ ಪಾಠ.

ನೋಡು, ಮತ್ತೆ ಪಾಠ ಶುರುವಾಯಿತು. ನಾನು ಬರೆಯಬೇಕೆಂದು ಕೂತದ್ದು ಆಂಬುಲೆನ್ಸಿನ ಸಂಗತಿ.

ಹುಬ್ಬಳ್ಳಿಯಿಂದ ನಿಮ್ಮಪ್ಪನನ್ನು ತರುವಾಗ ಮಳೆ ಜಿಟಿಜಿಟಿ. ಉಣಕಲ್ಲಿನ ಹತ್ತಿರ ನೀನು ನನ್ನ ಕೈ ಹಿಡಿದೆ. ನಿನ್ನ ಹೆಬ್ಬೆರಳಿನ ಉಗುರು ನನ್ನ ಅಂಗೈಗೆ ಚುಚ್ಚುತ್ತಿತ್ತು, ಒಳ್ಳೆಯದೇ ಅನ್ನಿಸುತ್ತಿತ್ತು. ಭೈರಿದೇವರಕೊಪ್ಪ ಹೋಯಿತು, ನವನಗರ ಹೋಯಿತು. ರಾಯಾಪುರದಲ್ಲಿ ಗಾಡಿ ಕುಲುಕಿ ಅವರ ಕಾಲಿನ ಮೇಲಿನ ಬಟ್ಟೆ ಸರಿಯಿತು. ಅವರಿಗೆ ಕಾಲು ತಣ್ಣಗಾದರೆ ಆಗುತ್ತಿರಲಿಲ್ಲ. ನಾನು ಕೈ ಬಿಡಿಸಿಕೊಂಡು ಬಟ್ಟೆ ಹೊದಿಸಿದೆ. ಹೊದಿಸಿದ ಮೇಲೆ ಕೈಯನ್ನು ನಿನಗೆ ವಾಪಸ್ ಕೊಡಲಿಲ್ಲ. ಸೆರಗಿನೊಳಗೆ ಇಟ್ಟುಕೊಂಡೆ. ನಿನ್ನ ಕೈ ನಿನ್ನ ತೊಡೆಯ ಮೇಲೆ ಹಾಗೇ ತೆರೆದುಕೊಂಡಿತ್ತು. ಸತ್ತೂರು. ನವಲೂರು. ಗಾಂಧಿನಗರ. ಪಕ್ಕದಲ್ಲಿ ಚಿಗರಿ ಬಸ್ಸು ತನಗೇ ಮೀಸಲಾದ ಖಾಲಿ ಲೇನಿನಲ್ಲಿ ನಮ್ಮನ್ನು ದಾಟಿ ಹೋಯಿತು, ಒಳಗೆ ಯಾರೋ ನಗುತ್ತಿದ್ದರು. ಟೋಲ್ ನಾಕಾದ ಹತ್ತಿರ ನೀನು ಆ ಕೈಯಿಂದ ಫೋನ್ ತೆಗೆದು ಯಾರಿಗೋ "ಇನ್ನ ಹತ್ತು ನಿಮಿಷ" ಅಂದೆ.

ಹಿಡಿದುಕೊಂಡೇ ಇದ್ದರೆ ಅಲ್ಲೇ ಅತ್ತುಬಿಡುತ್ತೇನೆ ಎಂಬ ಹೆದರಿಕೆ ನನಗೆ. ಅತ್ತಿದ್ದರೆ ಏನಾಗುತ್ತಿತ್ತು? ಡ್ರೈವರ್ ತಿರುಗಿ ನೋಡುತ್ತಿದ್ದ, ಅಷ್ಟೇ. ಆ ಮೇಲೆ ಮನೆಯಲ್ಲಿ ಮಂದಿಗೆ ಚಹಾ, ನೀರು, ಸ್ವಾಮಿಗಳಿಗೆ ಫೋನು, ಆಸ್ಪತ್ರೆಯ ಬಿಲ್ಲು ಎಲ್ಲ ನೀನೇ ನೋಡಿದೆ. ನಿನ್ನ ಕಾಕಾ "ಗಂಡುಮಗ ಇದ್ರೂ ಹಿಂಗ ಮಾಡ್ತಿರಲಿಲ್ಲ" ಅಂದಾಗ ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

2006ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. 16 ಜನ ಮದುವೆಯಾದ ಹೆಂಗಸರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಈಗ ಶಾಕ್ ಕೊಡಬಹುದು ಎಂದು ಹೆದರಿಸಿ, ಮಿದುಳು ನೋಡಿದರು. ಗಂಡನ ಕೈ ಹಿಡಿದಾಗ ಮಿದುಳಿನ ಗಾಬರಿ ಇಳಿಯಿತು. ಅಪರಿಚಿತರ ಕೈಗೂ ಇಳಿಯಿತು, ಅಷ್ಟಲ್ಲ. ಮಗಳ ಕೈ ಹಿಡಿಸಿ ನೋಡಿರಲಿಲ್ಲ. ಓದಿದಾಗಿನಿಂದ ನನಗೆ ರಾಯಾಪುರವೇ ಕಣ್ಣಮುಂದೆ.

ಮುಚ್ಚಿಟ್ಟದ್ದಕ್ಕೆ ನೀನು ಕಾರಣ ಕೇಳಿದೆ. ಅಪ್ಪನ ಸಮಾಧಿಯ ಮಣ್ಣು ಇನ್ನೂ ಹಸಿ ಇತ್ತು, ನಿನಗೆ ಎರಡನೇ ಆಂಬುಲೆನ್ಸ್ ತೋರಿಸುವ ಧೈರ್ಯ ಬರಲಿಲ್ಲ. ಇನ್ನೊಂದು ಕಾರಣವೂ ಇದೆ. ಅಜ್ಜಿ ಹೋದ ನಾಲ್ಕು ತಿಂಗಳಿಗೆ ರೋಣದ ಅಜ್ಜ ಹೋದದ್ದು ನೆನಪಿದೆಯಲ್ಲ? ಇಂಗ್ಲೆಂಡಿನಲ್ಲಿ 55 ದಾಟಿದ 4,486 ವಿಧುರರ ಲೆಕ್ಕ ಇಟ್ಟು 1963ರಲ್ಲಿ ಪ್ರಕಟಿಸಿದ್ದರು. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವು ಅದೇ ವಯಸ್ಸಿನ ಹೆಂಡತಿ ಇದ್ದ ಗಂಡಸರಿಗಿಂತ ನೂರಕ್ಕೆ 40ರಷ್ಟು ಹೆಚ್ಚು. ಗಂಡಸರ ಲೆಕ್ಕವನ್ನು ನಾನು ನನಗೆ ಹಾಕಿಕೊಂಡೆ, ವಿಜ್ಞಾನ ಟೀಚರ್ ಮಾಡುವ ಕೆಲಸವೇ ಅದು? ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆ. ಆರು ವಾರಕ್ಕೇ ಎಕೋ ಸರಿಬಂದಿತ್ತು, ಆದರೂ ಎಣಿಸಿದೆ. ಈಳಿಗೆ ತಾಗಿದ ಬೆರಳು ತಿಂಗಳಾದರೂ ಮಾಯಲಿಲ್ಲ, ಅದನ್ನೂ ಬರೆದಿಟ್ಟೆ. ಫೆಬ್ರುವರಿಯಲ್ಲಿ ಆರು ತಿಂಗಳು ತುಂಬಿದ ದಿನ ಹೋಳಿಗೆ ಮಾಡಿ ಬಾಜೂ ಮನೆಗೆ ಕೊಟ್ಟೆ. "ಏನ್ ವಿಶೇಷ್ರಿ?" ಎಂದರು. ಏನಿಲ್ಲ ಅಂದೆ.

ಅದೇ ಫೆಬ್ರುವರಿಯಲ್ಲಿ ನಿನ್ನ ಹೊಟ್ಟೆಯಲ್ಲಿದ್ದದ್ದು ಹೋಯಿತು.

ನಾನು ಹೂರಣ ರುಬ್ಬುತ್ತಿದ್ದೆ, ನೀನು ಅಲ್ಲಿ ಆಸ್ಪತ್ರೆಯಲ್ಲಿ ಒಬ್ಬಳೇ ಇದ್ದೆ. ಭಾನುವಾರ ನೀನು ಹೇಳಿದ ಇನ್ನೊಂದು ಮಾತು ಅದೇ. ಅಳಿಯಂದಿರು ಊರಲ್ಲಿರಲಿಲ್ಲ ಎಂದೆ. ಮೂರನೇ ದಿನಕ್ಕೆ ಕೆಲಸಕ್ಕೆ ಹೋದೆ ಎಂದೆ. ಅದೇ ವಾರ ಫೋನಿನಲ್ಲಿ ನನ್ನ ಬಿಪಿ ಗುಳಿಗೆಯನ್ನೂ ವಿಚಾರಿಸಿದ್ದೆ. ನನಗಿಂತ ಗಟ್ಟಿ ನೀನು, ಅದೇ ನನ್ನ ಹೆದರಿಕೆ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ನಿದ್ದೆ ಮಾಡು. ರಕ್ತ ಪರೀಕ್ಷೆ ಮಾಡಿಸು, ಹಿಮೋಗ್ಲೋಬಿನ್ ನೋಡಿಸು. ಅದು ನೀನು ಓಡಾಡಿದ್ದಕ್ಕಾಗಲಿ, ಅಪ್ಪನಿಗಾಗಿ ಸಂಕಟಪಟ್ಟದ್ದಕ್ಕಾಗಲಿ ಹೋದದ್ದಲ್ಲ. ಮೊದಲ ತಿಂಗಳುಗಳಲ್ಲಿ ಹೋಗುವುದರಲ್ಲಿ ಅರ್ಧಕ್ಕೂ ಹೆಚ್ಚು ಕೂಸಿನ ವರ್ಣತಂತುಗಳ ಲೆಕ್ಕ ತಪ್ಪಿ ಹೋಗುವಂಥವು. ಇದನ್ನು ಎರಡು ಸಲ ಓದು. ಎದೆ ನೋವು ಬಂದರೆ ಮಾತ್ರ "ಅವ್ವನಿಗೆ ತಾನೇ ಹೋಯಿತು" ಎಂದು ಮನೆಯಲ್ಲಿ ಕೂರಬೇಡ. ಇದಕ್ಕೂ ಹಾರ್ಟ್ ಅಟ್ಯಾಕಿಗೂ ಇರುವ ವ್ಯತ್ಯಾಸ ಆಸ್ಪತ್ರೆಗೆ ಹೋಗದೆ ತಿಳಿಯುವುದಿಲ್ಲ.

ನನಗೆ ಕಸುವು ಹೇಗೆ ಬಂತು ಎಂದರೆ ದೊಡ್ಡ ಸಂಗತಿ ಏನಿಲ್ಲ. ನಿನ್ನ ಮಾಮಿ ಎರಡು ತಿಂಗಳು ಬಂದು ಇಲ್ಲೇ ಮಲಗಿದಳು, ಜೋರಾಗಿ ಗೊರಕೆ ಹೊಡೆದಳು. ಆ ಸದ್ದಿಗೆ ನನಗೆ ನಿದ್ದೆ ಬರತೊಡಗಿತು. ಸಂಜೆ ಕೆಲಗೇರಿ ಕೆರೆಯ ಕಡೆ ನಡೆಯುತ್ತೇನೆ. ರೊಟ್ಟಿ ಬಹಳ ದಿನ ಅಂಚಿನಲ್ಲಿ ಸೀಳುತ್ತಿತ್ತು, ಈಗ ಇಲ್ಲ.

ಶನಿವಾರ ಬರುತ್ತೇನೆ, ಟಿಕೆಟ್ ತೆಗೆದಾಗಿದೆ. ಬೇಡ ಅನ್ನಬೇಡ, ಅಂದರೂ ಬರುತ್ತೇನೆ. ಡಬ್ಬಿ ತರುತ್ತೇನೆ, ನನ್ನ ಫೈಲೂ ತರುತ್ತೇನೆ, ಪೂರ್ತಿ ಓದು. ನಿನ್ನ ಆಸ್ಪತ್ರೆಯ ಕಾಗದಗಳನ್ನೂ ತೆಗೆದಿಡು. ಕನ್ನಡಕದ ನಂಬರು ಬದಲಾಗಿದೆ, ಸಣ್ಣ ಅಕ್ಷರವೂ ಈಗ ಕಾಣುತ್ತದೆ.

ನಿನ್ನ
ಅವ್ವ