ಪುಟ್ಟಿಗೆ, ನಿಮ್ಮನೆ ಸಾಮಾನಿನ ವಿಚಾರವಾಗಿ

ಮಂಡ್ಯ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಹೋದ್ ವಾರ ನಿಮ್ಮನೆಗೆ ಬಂದು ಎರಡು ದಿನ ಇದ್ದು ಬಂದ್ನಲ್ಲ, ಆಗ್ಲೇ ಹೇಳ್ಬೇಕಿತ್ತು ಕಣಮ್ಮ, ಆದ್ರೆ ನಿನ್ನ ಗಂಡನ ಎದುರಿಗೆ ಹೇಳಿ ನಿನಗೆ ಮುಜುಗರ ಮಾಡೋದು ಬೇಡ ಅಂತ ಸುಮ್ನಿದ್ದೆ. ಫೋನಲ್ಲಿ ಹೇಳಿದ್ರೆ ನೀನು "ಆಯ್ತು ದೊಡ್ಡಮ್ಮ ಆಯ್ತು" ಅಂತೀಯ, ಮಾತು ಅಲ್ಲಿಗೇ ಮುಗಿದು ಹೋಗುತ್ತೆ. ಅದಕ್ಕೆ ಬರೀತಿದೀನಿ, ನಿಧಾನಕ್ಕೆ ಓದು.

ಮೈಸೂರಿನ ಕುವೆಂಪುನಗರದಲ್ಲಿ ಆ ಬಾಡಿಗೆಗೆ ಅಷ್ಟು ಬೆಳಕಿರೋ ಮಹಡಿ ಮನೆ ಸಿಕ್ಕಿರೋದು ಪುಣ್ಯ. ಆದ್ರೆ ನಾನು ಬೆಳಿಗ್ಗೆ ಎದ್ದು ಬಾಲ್ಕನಿ ಬಾಗಿಲು ತೆಗೆಯೋಣ ಅಂತ ಹೋದ್ರೆ ತೆಗೆಯೋಕೆ ಆಗ್ಲಿಲ್ಲ. ಬಾಗಿಲಿಗೆ ಅಡ್ಡ 25 ಕೆಜಿದು ಮೂರು ಅಕ್ಕಿ ಮೂಟೆ, ಅದರ ಮೇಲೆ ಟಿಶ್ಯೂ ರೋಲು, ಅದರ ಮೇಲೆ ಬಿಸ್ಕತ್ತಿನ ರಟ್ಟಿನ ಡಬ್ಬ. ಮಂಚದ ಕೆಳಗೆ ಎಣ್ಣೆ ಪ್ಯಾಕೆಟ್ಟು, ಸೋಪಿನ ಪುಡಿ ಚೀಲ. ಸಜ್ಜಾ ಮೇಲೆ ಫಿನಾಯ್ಲು, ಬ್ಲೀಚಿಂಗ್ ಪೌಡರ್ರು, ಬಾತ್‌ರೂಮ್ ತೊಳೆಯೋ ಆಸಿಡ್ಡು, ಪಕ್ಕದಲ್ಲೇ ಅವಲಕ್ಕಿ. ಗ್ಯಾಸ್ ಸಿಲಿಂಡರ್ ಸುತ್ತ ಖಾಲಿ ಪ್ಲಾಸ್ಟಿಕ್ ಡಬ್ಬಗಳು. ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ, ಹೊಸ ಜಾಗ ಅಂತ ಅಲ್ಲ, ಇದೇ ಯೋಚನೆ.

ನೀನು ಯಾಕೆ ಹೀಗೆ ತುಂಬಿಸ್ತೀಯ ಅಂತ ನನಗೆ ಗೊತ್ತು. ನಿಮ್ಮಪ್ಪ ತೀರಿಕೊಂಡ ವರ್ಷ ನಿಮ್ಮಮ್ಮ ಸಂಜೆ ಹೊತ್ತು ಸೆರಗಿನೊಳಗೆ ಪಾತ್ರೆ ಮುಚ್ಕೊಂಡು ಪಕ್ಕದ ಮನೆಗೆ ಹೋಗಿ ಒಂದು ಸೇರು ಅಕ್ಕಿ ಇಸ್ಕೊಂಡು ಬರ್ತಿದ್ದಿದ್ದು ನೀನು ನೋಡಿದ್ದೀಯ. ಆಗ ನಿನಗೆ ಎಂಟೋ ಒಂಬತ್ತೋ ವರ್ಷ. ಡಬ್ಬ ಖಾಲಿಯಾದ್ರೆ ನಿನ್ನ ಎದೆ ಈಗ್ಲೂ ಝಲ್ ಅನ್ನುತ್ತೆ ಅಂತ ನೀನೇ ಒಂದ್ಸಲ ಹೇಳಿದ್ದೆ, ನಾನು ಮರೆತಿಲ್ಲ. ಆಮೇಲೆ 2020ರ ಮಾರ್ಚ್ 24ರ ರಾತ್ರಿ 21 ದಿನ ಲಾಕ್‌ಡೌನ್ ಅಂದಾಗ ಜನ ಅಂಗಡಿ ಮುಂದೆ ಮುಗಿಬಿದ್ದಿದ್ದು ಬೇರೆ. ಅವತ್ತು ನಾನೂ ಹೆದರಿಕೊಂಡು 15 ಲೀಟರಿನ ಎಣ್ಣೆ ಟಿನ್ನು ತರಿಸಿಬಿಟ್ಟೆ. ಮನೇಲಿದ್ದಿದ್ದು ನಾವಿಬ್ರೇ. ಟಿನ್ನು ಒಂದ್ಸಲ ಒಡೆದ ಮೇಲೆ ಗಾಳಿ ಆಡಿ ಆಡಿ, ಒಲೆ ಪಕ್ಕದ ಶಾಖಕ್ಕೆ, ದೀಪಾವಳಿ ಹೊತ್ತಿಗೆ ಕಮಟು ವಾಸನೆ ಬಂತು. ಅರ್ಧ ಟಿನ್ನು ದಂಡ. ಕಜ್ಜಾಯ ಮಾಡೋಕೆ ಮತ್ತೆ ಎಣ್ಣೆ ತರಿಸಬೇಕಾಯ್ತು. ಆವತ್ತು ನನಗೆ ಅರ್ಥ ಆಗಿದ್ದು, ಮನೇಲಿ ಎಷ್ಟಿದೆ ಅನ್ನೋದು ಲೆಕ್ಕ ಅಲ್ಲ, ಕೆಡೋಕೆ ಮುಂಚೆ ನಮ್ಮ ಕೈಲಿ ಎಷ್ಟು ಖರ್ಚಾಗುತ್ತೆ ಅನ್ನೋದೇ ಲೆಕ್ಕ.

"ಅಜ್ಜಿ ಮನೇಲಿ ವರ್ಷದ್ದೇ ಇಡ್ತಿದ್ರಲ್ಲ" ಅಂತ ನೀನು ಕೇಳ್ತೀಯ. ಹೌದು ಇಡ್ತಿದ್ರು. ಪಲ್ಲಗಟ್ಲೆ ರಾಗಿ ನೆಲದೊಳಗೆ ತೋಡಿದ ಹಗೇವಿನಲ್ಲಿ, ಭತ್ತ ಮಣ್ಣಿನ ವಾಡೆಯಲ್ಲಿ, ಕಾಳು ದೊಡ್ಡ ಮಣ್ಣಿನ ಗುಡಾಣದಲ್ಲಿ. ಆದ್ರೆ ಏನು ಇಡ್ತಿದ್ರು ನೋಡು. ರಾಗಿ ಕಾಳು ಸಣ್ಣದು ಗಟ್ಟಿ, ಹುಳಕ್ಕೆ ಒಳಗೆ ಕೂತು ಬೆಳೆಯೋಕೆ ಜಾಗ ಇಲ್ಲ, ಅದಕ್ಕೆ ವರ್ಷಾನುಗಟ್ಲೆ ಇರುತ್ತೆ. ಭತ್ತಕ್ಕೆ ಮೇಲೆ ಹೊಟ್ಟಿನ ಕವಚ ಇದೆ, ಬೇಕಾದಾಗ ಬೇಕಾದಷ್ಟು ಮಿಲ್ಲಿಗೆ ಹಾಕಿಸ್ತಿದ್ರು. ನೀನು ಇಟ್ಟಿರೋದು ಪಾಲಿಶ್ ಮಾಡಿದ ಅಕ್ಕಿ, ಅದಕ್ಕೆ ಮೈಮೇಲೆ ಏನೂ ರಕ್ಷಣೆ ಇಲ್ಲ. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡೋರು. ಅದೂ ಅಲ್ದೆ ಆ ಮನೇಲಿ ಹದಿನಾಲ್ಕು ಜನ ಉಣ್ಣೋರು, ಅಜ್ಜಿ ತಿಂಗಳಿಗೊಂದ್ಸಲ ಗುಡಾಣದೊಳಗೆ ಕೈ ಹಾಕಿ ಕಾಳು ಬಿಸಿ ಆಗಿದ್ಯಾ ತಣ್ಣಗಿದ್ಯಾ ನೋಡೋರು. ಬಿಸಿ ಇದ್ರೆ ಹುಳ ಬಿದ್ದಿದೆ ಅಂತ ಲೆಕ್ಕ, ಅವತ್ತೇ ಅಂಗಳಕ್ಕೆ ಸುರಿದು ಮೊರ ಹಿಡಿಯೋರು. ಹಗೇವು ತೆಗೆದಾಗ ಯಾರೂ ತಕ್ಷಣ ಒಳಗೆ ಇಳಿಯೋ ಹಾಗಿರ್ಲಿಲ್ಲ, ಬಾಯಿ ತೆಗೆದು ಗಾಳಿ ಆಡೋಕೆ ಬಿಟ್ಟು, ದೀಪ ಇಳಿಸಿ ಅದು ಆರದೆ ಉರಿಯುತ್ತಾ ನೋಡಿ ಆಮೇಲೆ ಇಳಿಯೋದು, ಒಳಗಿನ ಕೆಟ್ಟ ಗಾಳಿಗೆ ಮನುಷ್ಯನೇ ಹೋಗ್ಬಿಡ್ತಾನೆ. ಅಷ್ಟು ಎಚ್ಚರ ಇಟ್ಕೊಂಡು ಸಾಮಾನು ಸಾಕ್ತಿದ್ರು ಪುಟ್ಟಿ, ದನ ಸಾಕಿದ ಹಾಗೆ. ನೀನು ಅಜ್ಜಿಯಿಂದ ಆ ನಿಗಾ ತಗೋ, ಅಷ್ಟೊಂದು ರಾಶಿ ಬೇಡ.

ಈಗ ನಿಮ್ಮನೆ ಲೆಕ್ಕಕ್ಕೆ ಬರೋಣ. ನೀವಿಬ್ರು, ಒಂದು ಹೊತ್ತು ಮುದ್ದೆ ಇಲ್ಲ ಚಪಾತಿ, ಮಧ್ಯಾಹ್ನ ಇಬ್ರಿಗೂ ಆಫೀಸ್ ಡಬ್ಬಿ. ತಿಂಗಳಿಗೆ 8 ಕೆಜಿ ಅಕ್ಕಿ ಖರ್ಚಾದ್ರೆ ಹೆಚ್ಚು. 75 ಕೆಜಿ ಅಂದ್ರೆ ಒಂಬತ್ತು ತಿಂಗಳದ್ದು! ಅಕ್ಕಿ ಹುಳ ಎಲ್ಲಿಂದ್ಲೋ ಹಾರಿ ಬರುತ್ತೆ ಅನ್ಕೋಬೇಡ, ಎಷ್ಟೋ ಸಲ ಕಾಳಿನೊಳಗೆ ಮೊಟ್ಟೆ ಇಟ್ಟಿರೋದು ಅಂಗಡಿಯಿಂದ್ಲೇ ಬಂದಿರುತ್ತೆ, ಮೂಟೆ ಬಾಯಿ ಗಟ್ಟಿಯಾಗಿ ಕಟ್ಟಿದ್ರೂ ಒಳಗೇ ಹುಟ್ಟುತ್ತೆ. ನಮ್ಮ ಸೆಕೆಗೆ ಒಂದು ತಿಂಗಳಿಗೆಲ್ಲ ಓಡಾಡೋಕೆ ಶುರು. ಒಂದು ಮೂಟೆ ಸಾಕು, ಅದು ಮುಕ್ಕಾಲು ಮುಗಿದ ಮೇಲೆ ಇನ್ನೊಂದು. ಬಂಡಿಪಾಳ್ಯ ಮಾರ್ಕೆಟ್ ಯಾರ್ಡು ಎಲ್ಲಿಗೂ ಹೋಗಲ್ಲ, ಸಂತೇಪೇಟೆ ಅಂಗಡಿಗಳೂ ಹೋಗಲ್ಲ. ಅಜ್ಜಿಗೆ ಅಂಗಡಿ ಹತ್ತು ಮೈಲಿ ದೂರ ಇತ್ತು, ನಿನಗೆ ಮೆಟ್ಟಿಲು ಇಳಿದ್ರೆ ಮೂರು ಅಂಗಡಿ.

ಮೂಟೆನ ಗೋಡೆಗೆ ಒರಗಿಸಬೇಡ, ನೆಲದ ಮೇಲೂ ಇಡಬೇಡ. ನಾನು ಮದುವೆ ಆದ ಹೊಸದ್ರಲ್ಲಿ ಚಾಮುಂಡಿಪುರಂನ ವಠಾರದಲ್ಲಿದ್ವಲ್ಲ, ಆಷಾಢದಲ್ಲಿ ಆ ಗೋಡೆ ನೀರು ಕುಡಿದು ಒದ್ದೆ ಒದ್ದೆ ಇರೋದು, ಗೋಡೆ ಕಡೆ ಇದ್ದ ಅಕ್ಕಿ ಎಲ್ಲ ಮುಗ್ಗಲು ಹಿಡೀತು, ತೊಳೆದ್ರೂ ವಾಸನೆ ಹೋಗ್ಲಿಲ್ಲ. ಗೋಡೆಯಿಂದ ಒಂದು ಗೇಣು ಬಿಡು, ಕೆಳಗೆ ಎರಡು ಹಲಗೆ ಕೊಟ್ಟು ನೆಲದಿಂದ ಎತ್ತು. ಡ್ರಮ್ಮಿಗೆ ಹಾಕ್ತೀಯ ಅಂದ್ರೆ ಅಕ್ಕಿ ಪೂರ್ತಿ ಒಣಗಿರಬೇಕು, ತೇವ ಇರೋದನ್ನ ಮುಚ್ಚಿಟ್ರೆ ಒಳಗೇ ಬೂಷ್ಟು. ಒಣಗಿಸೋದು ನೆರಳಲ್ಲಿ ಕಣೆ, ಸುಡು ಬಿಸಿಲಲ್ಲಿ ಅಕ್ಕಿ ಬಿರುಕು ಬಿಟ್ಟು ಅನ್ನ ಎಲ್ಲ ನುಚ್ಚಾಗುತ್ತೆ. ಬೇಳೆ ಕಾಳಿಗಾದ್ರೆ ಬಿಸಿಲು ಒಳ್ಳೇದು, ಶಿವರಾತ್ರಿ ಕಳೆದ ಮೇಲೆ ತಾರಸಿ ಮೇಲೆ ಎರಡು ದಿನ ಹಾಕು. ತೊಗರಿಬೇಳೆಗೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿಡು, ಬೇಯಿಸುವಾಗ ತೊಳೆದ್ರೆ ಆಯ್ತು. ಒಣಗಿದ ಬೇವಿನೆಲೆ ಹಾಕ್ತೀಯಾ, ಹಾಕು, ಆದ್ರೆ ಚೆನ್ನಾಗಿ ಒಣಗಿರಬೇಕು, ಹಸಿ ಎಲೆ ಹಾಕಿದ್ರೆ ಅದೇ ತೇವ ಕೊಡುತ್ತೆ. ರವೆ, ಮೈದಾ, ಕಡ್ಲೆಹಿಟ್ಟು ತಂದ ತಕ್ಷಣ ಫ್ರೀಜರಿನಲ್ಲಿ 4 ದಿನ ಇಟ್ಟು ತೆಗಿ, ಮೊಟ್ಟೆ ಸಾಯುತ್ತೆ. ತೆಗೆದ ಕೂಡ್ಲೆ ಪ್ಯಾಕೆಟ್ ಒಡೀಬೇಡ, ತಣ್ಣಗಿರೋ ಹಿಟ್ಟಿಗೆ ಗಾಳಿ ತಾಕಿದ್ರೆ ಬೆವರುತ್ತೆ, ಮೊದಲು ಹೊರಗಿನ ಶಾಖಕ್ಕೆ ಬರ್ಲಿ. ಗೋಧಿಹಿಟ್ಟು, ರಾಗಿಹಿಟ್ಟು ಮಾತ್ರ ತಿಂಗಳಿಗಾಗುವಷ್ಟೇ ಬೀಸಿಸು, ಹೊಟ್ಟಿನಲ್ಲಿರೋ ಎಣ್ಣೆ ಅಂಶಕ್ಕೆ ಕಹಿ ಬರುತ್ತೆ. ಕಾಫಿಪುಡಿ ಕಾಲು ಕೆಜಿಗಿಂತ ಜಾಸ್ತಿ ತರಬೇಡ, ಇದಂತೂ ನಾನು ಎಲ್ಲರಿಗೂ ಹೇಳ್ತೀನಿ, ಹಳೇ ಪುಡಿ ಡಿಕಾಕ್ಷನ್ ಕುಡಿಯೋದು ಬಿಸಿನೀರು ಕುಡಿದ ಹಾಗೇನೆ.

ಬೆಲ್ಲದ ಊರಲ್ಲಿ ಕೂತು ನಾನೇ ಹೇಳ್ತಿದೀನಿ, ಬೆಲ್ಲನೂ ರಾಶಿ ಇಡಬೇಡ. ಮಳೆಗಾಲದಲ್ಲಿ ಗಾಳಿಯ ನೀರು ಎಳ್ಕೊಂಡು ಕರಗಿ ಸಜ್ಜಾ ಎಲ್ಲ ಅಂಟಂಟು, ಇರುವೆ ಸಾಲು. ನಾನು ಕಳಿಸೋ ಅಚ್ಚು ಬೆಲ್ಲ 2 ಕೆಜಿ ಬಿಗಿ ಮುಚ್ಚಳದ ಡಬ್ಬದಲ್ಲಿಡು, ಮುಗಿದ್ರೆ ಹೇಳು, ರೈಲಿಗೆ ಒಂದು ಗಂಟೆ ದಾರಿ, ಕಳಿಸ್ತೀನಿ. ಹುಣಸೆಹಣ್ಣು ಕಬ್ಬಿಣದ ಡಬ್ಬದಲ್ಲಿದೆ, ಇವತ್ತೇ ತೆಗೆದು ಉಪ್ಪು ಬೆರೆಸಿ ಪಿಂಗಾಣಿ ಜಾಡಿಗೆ ಹಾಕು, ಹುಳಿ ಲೋಹ ತಿನ್ನುತ್ತೆ.

ಇನ್ನು ಮುಖ್ಯ ವಿಷ್ಯ, ಇದನ್ನ ಎರಡು ಸಲ ಓದು. ಅಕ್ಕಿಗೆ ಹುಳ ಬಂತು ಅಂತ ಯಾರಾದ್ರೂ ಊರಿಂದ "ಮಾತ್ರೆ" ಕೊಟ್ರೆ ಮನೆ ಒಳಗೆ ತರಲೇಬೇಡ. ಗೋಡೌನಿನಲ್ಲಿ ಮೂಟೆಗೆ ಹಾಕೋ ಆ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗೆ ಗಾಳಿಯ ತೇವ ತಾಕಿದ್ರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಅನಿಲ ಬರುತ್ತೆ. ಅದಕ್ಕೆ ಮದ್ದು ಅಂತ ಇಲ್ಲ. ಜನಸಾಮಾನ್ಯರಿಗೆ ಅದನ್ನ ಮಾರೋ ಹಾಗೇ ಇಲ್ಲ, ಆದ್ರೂ ಹಳ್ಳಿ ಕಡೆ ಕೈಯಿಂದ ಕೈಗೆ ಓಡಾಡುತ್ತೆ. ಹತ್ತಡಿ ಹತ್ತಡಿ ರೂಮಲ್ಲಿ, ಕಿಟಕಿ ಮುಚ್ಕೊಂಡು, ಮಂಚದ ಕೆಳಗೆ ಅದನ್ನ ಇಟ್ಕೊಂಡು ಮಲಗಿದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಲ್ಲ. ಹುಳ ಬಂದ್ರೆ ಬರ್ಲಿ, ಜರಡಿ ಹಿಡಿದು ಬಿಸಾಕೋಣ.

ಹಾಗೇ ಬ್ಲೀಚಿಂಗ್ ಪೌಡರ್ರು ಮತ್ತೆ ಆಸಿಡ್ಡು ಒಂದೇ ಜಾಗದಲ್ಲಿ ಇರಲೇಬಾರ್ದು. ಒಂದು ಸೋರಿ ಇನ್ನೊಂದಕ್ಕೆ ಬಿದ್ರೆ ಕ್ಲೋರಿನ್ ಅನಿಲ, ಉಸಿರು ಕಟ್ಟಿಸುತ್ತೆ. ನೀನು ಇಟ್ಟಿರೋದು ಮಲಗೋ ರೂಮಿನ ಸಜ್ಜಾ ಮೇಲೆ, ತಲೆ ನೆತ್ತಿಗೆ ಸರಿಯಾಗಿ. ಅದೂ ಅಲ್ದೆ ಬ್ಲೀಚಿಂಗ್ ಪೌಡರ್ ಇಟ್ಟಷ್ಟೂ ಸತ್ವ ಕಳ್ಕೊಳ್ಳುತ್ತೆ, ಕೂಡಿಡೋ ಸಾಮಾನೇ ಅಲ್ಲ ಅದು. ಒಂದು ಚಿಕ್ಕ ಪ್ಯಾಕೆಟ್ ಇರ್ಲಿ, ಒಣಗಿದ ಜಾಗದಲ್ಲಿ, ಆಸಿಡ್ ಬಾಟ್ಲಿ ಬಾತ್‌ರೂಮಿನ ಕಡೆ ಬೇರೆ ಬಕೆಟ್ಟಿನಲ್ಲಿ. ಸೋಪಿನ ಪುಡಿ, ಅಗರಬತ್ತಿ, ನುಸಿಗುಳಿಗೆ ಯಾವ್ದೂ ತಿನ್ನೋ ಸಾಮಾನಿನ ಹತ್ರ ಬೇಡ, ನೀನು ಕೊಟ್ಟ ಟೀಲಿ ಸೋಪಿನ ವಾಸನೆ ಇತ್ತು ಕಣಮ್ಮ, ಆಗ ಹೇಳ್ಲಿಲ್ಲ.

ಗ್ಯಾಸಿಂದೂ ಅಷ್ಟೇ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದ್ರೆ ಮೇಲೆ ಹೋಗಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತೆ. ಸಿಲಿಂಡರ್ ಸುತ್ತ ಡಬ್ಬ ಒತ್ತರಿಸಿದ್ರೆ ಅದು ಅಲ್ಲೇ ಸೇರ್ಕೊಳ್ಳುತ್ತೆ, ನಿನಗೆ ರೆಗ್ಯುಲೇಟರ್ ಆರಿಸೋಕೆ ಕೈನೂ ಹೋಗಲ್ಲ. ಬಾಲ್ಕನಿ ಬಾಗಿಲು ಕೆಳಗಿನ ತನಕ ಗಾಳಿ ಆಡೋ ಬಾಗಿಲು, ಅದನ್ನೇ ಮೂಟೆ ಇಟ್ಟು ಮುಚ್ಚಿದೀಯ. ನನಗೆ ನಿದ್ದೆ ಬರದೆ ಇದ್ದಿದ್ದು ಇದಕ್ಕೇನೇ.

ರಟ್ಟಿನ ಡಬ್ಬ ಒಂದೂ ಇಟ್ಕೋಬೇಡ. ಆ ಸುಕ್ಕು ಸುಕ್ಕು ಪದರದೊಳಗೆ ಜಿರಲೆ ಮೊಟ್ಟೆ ಇಡುತ್ತೆ, ಅಂಗಡಿಯಿಂದ್ಲೇ ಜೊತೆಗೆ ಬರುತ್ತೆ. ಸಾಮಾನು ತೆಗೆದು ರಟ್ಟು ಅವತ್ತೇ ಹೊರಗೆ. ಸಜ್ಜಾ ಮೇಲೆ ಭಾರದ್ದು ಬೇಡ, ಸ್ಟೂಲ್ ಹತ್ತಿ ಇಳಿಸುವಾಗ ಸೊಂಟಕ್ಕೆ ಪೆಟ್ಟು, ಅಲ್ಲಿ ಹಗುರದ್ದು ಮಾತ್ರ, ಟಿಶ್ಯೂ ರೋಲು, ಪ್ಯಾಡು, ಹಬ್ಬದ ಪಾತ್ರೆ. ಸೋಪು ಬೇಕಾದ್ರೆ ಕೂಡಿಡು, ಅದು ಒಣಗಿದಷ್ಟೂ ಗಟ್ಟಿಯಾಗಿ ಹೆಚ್ಚು ದಿನ ಬರುತ್ತೆ. ಉಪ್ಪು, ಇಡೀ ಹುರುಳಿ, ರಾಗಿ, ಇವೆಲ್ಲ ಎರಡು ಮೂರು ತಿಂಗಳದ್ದು ಇದ್ರೂ ತೊಂದ್ರೆ ಇಲ್ಲ. ಎಣ್ಣೆ ಒಂದು ಲೀಟರಿನ ಪ್ಯಾಕೆಟ್ಟು ಮೂರು, ಅದಕ್ಕಿಂತ ಬೇಡ. ಪ್ರತಿಯೊಂದರ ಮೇಲೂ ತಂದ ತಿಂಗಳು ಮಾರ್ಕರಿನಲ್ಲಿ ದಪ್ಪಗೆ ಬರಿ, ಹೊಸದು ತಂದಾಗ ಹಿಂದಕ್ಕೆ ಇಡು, ಹಳೇದು ಮುಂದಕ್ಕೆ ಎಳಿ. ಕಣ್ಣಿಗೆ ಕಾಣದ ಸಾಮಾನು ಮನೇಲಿ ಇಲ್ಲದ ಹಾಗೇನೆ, ಮತ್ತೆ ಹೋಗಿ ಅದನ್ನೇ ತರ್ತೀಯ, ನಿಮ್ಮನೇಲಿ ನಾನು ಎಣಿಸಿದ್ದು ಸಾಸಿವೆ ಪ್ಯಾಕೆಟ್ಟು ಐದು.

ಆಫರ್ ಬಿಡೋಕೆ ಮನಸ್ಸು ಬರಲ್ಲ ಅಂತೀಯ. ಒಂದಕ್ಕೊಂದು ಫ್ರೀ ಅಂದಾಗ ಡೇಟ್ ನೋಡು, ಬೇಗ ಮುಗಿಯೋದನ್ನೇ ಎಷ್ಟೋ ಸಲ ಹಾಗೆ ಕೊಡ್ತಾರೆ. ನಿಮ್ಮ ಬಾಡಿಗೆ ದುಡ್ಡಿನ ಜಾಗದಲ್ಲಿ ಈಗ ಕಾಲು ಭಾಗ ಈ ಸಾಮಾನೇ ಕೂತಿದೆ, ನಿನ್ನ ಗಂಡ ಕೂತು ಲ್ಯಾಪ್‌ಟಾಪ್ ಇಟ್ಕೊಳ್ಳೋಕೆ ಮಂಚ ಬಿಟ್ರೆ ಜಾಗ ಇಲ್ಲ, ಪಾಪ ಅವನು ಏನೂ ಅನ್ನಲ್ಲ. ಅವನನ್ನೂ ಕೂರಿಸ್ಕೊಂಡು ಇಬ್ರೂ ಮಾತಾಡಿ.

ಡಬ್ಬ ಖಾಲಿ ಆಗುತ್ತೆ ಅನ್ನೋ ಹೆದರಿಕೆ ಬಂದಾಗ ಅಂಗಡಿಗೆ ಹೋಗ್ಬೇಡ ಪುಟ್ಟಿ, ನನಗೆ ಫೋನ್ ಮಾಡು. ನಾನಿದೀನಿ, ನಮ್ಮ ಗದ್ದೆ ಇದೆ, ನಿನ್ನನ್ನ ನಾನು ಇನ್ಯಾವತ್ತೂ ಯಾರ ಮನೆ ಬಾಗಿಲಿಗೂ ಪಾತ್ರೆ ಹಿಡ್ಕೊಂಡು ಹೋಗೋಕೆ ಬಿಡಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ರೈಲಿಗೆ ಬರ್ತೀನಿ. ಮೊರ, ಜರಡಿ, ಎರಡು ಸ್ಟೀಲ್ ಡ್ರಮ್ಮು ತರ್ತೀನಿ, ನಿಮ್ಮ ದೊಡ್ಡಪ್ಪನೂ ಜೊತೆಗೆ ಇರ್ತಾರೆ. ಒಡೆಯದೆ ಇರೋ ಎರಡು ಮೂಟೆ ಅಕ್ಕಿನ ಅಂಗಡಿಯವ್ರು ವಾಪಸ್ ತಗೋತಾರಾ ಕೇಳಿಡು, ತಗೊಳ್ಳದಿದ್ರೆ ಒಂದನ್ನ ನಾವು ತಗೊಂಡು ದುಡ್ಡು ಕೊಡ್ತೀವಿ, ಇನ್ನೊಂದು ಕೆಳಗಿನ ಮನೆಯವ್ರ ಮಗಳ ಮದುವೆ ಇದೆ ಅಂದಿದ್ಯಲ್ಲ, ಅಲ್ಲಿಗೆ ಕೊಡೋಣ. ಅಷ್ಟರೊಳಗೆ ಬೇರೆ ಏನೂ ಮಾಡದಿದ್ರೂ ಪರವಾಗಿಲ್ಲ, ಆಸಿಡ್ ಬಾಟ್ಲಿ ಕೆಳಗಿಳಿಸಿ ಬಾಲ್ಕನಿ ಬಾಗಿಲು ತೆಗೆಯೋ ಹಾಗೆ ಮಾಡು. ಇವತ್ತು ರಾತ್ರಿನೇ. ಮಾಡಿ ಒಂದು ಫೋಟೋ ಕಳಿಸು, ನೋಡಿ ಮಲಗ್ತೀನಿ.

ಇಂತಿ ನಿನ್ನ
ದೊಡ್ಡಮ್ಮ